ನಗುವವರು ಯಾರು? ‘ಫ್ಯಾಂಡ್ರಿ’ ಚಿತ್ರದ ನಗೆ ಮತ್ತು ಸಂಕಟ

ಮೊದಲರ್ಧ ನಗಿಸಿ ಕೊನೆಗೆ ಅಳಿಸುವ ಚಿತ್ರಗಳನ್ನು ನಾವು ಒಂದು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚುತ್ತೇವೆ. ಪತ್ರಿಕೆಯ ಸಿನಿಮಾ ಪುಟ ‘ನಗುವಿನ ಜೊತೆ ಕಣ್ಣೀರು’ ಅಂತ ಒಂದು ಶೀರ್ಷಿಕೆ ಕೊಟ್ಟರೆ ವಿಮರ್ಶೆಯ ಕೆಲಸ ಮುಗಿಯಿತು. ಆದರೆ ನಕ್ಕವರು ಯಾರು, ಯಾರನ್ನು ನೋಡಿ ನಕ್ಕರು, ಆಮೇಲೆ ಅತ್ತವರು ಅದೇ ಜನರಾ ಅನ್ನುವ ಪ್ರಶ್ನೆಗಳು ಆ ಡಬ್ಬಿಯೊಳಗೇ ಉಸಿರುಗಟ್ಟಿ ಬಿದ್ದಿರುತ್ತವೆ. ಚಿತ್ರದ ಧಾಟಿ ಬದಲಾಯಿತು ಅನ್ನುತ್ತೇವಲ್ಲ, ಆ ಬದಲಾವಣೆ ಪರದೆಯ ಮೇಲೆ ಆಗುತ್ತದೋ, ಕುರ್ಚಿಯಲ್ಲಿ ಕೂತವರ ಒಳಗೆ ಆಗುತ್ತದೋ? ನಗೆ ಅನ್ನುವುದು ಈ ದೇಶದಲ್ಲಿ ಎಲ್ಲರಿಗೂ ಸಮನಾಗಿ ಹಂಚಿಕೆಯಾದ ವಸ್ತು ಅಲ್ಲವಾದ್ದರಿಂದ ದಲಿತ ವಿಮರ್ಶೆ ಈ ಪ್ರಶ್ನೆಯನ್ನು ಬಿಟ್ಟುಕೊಡುವಂತಿಲ್ಲ. ನಾಗರಾಜ ಮಂಜುಳೆಯವರ ಮರಾಠಿ ಚಿತ್ರ ‘ಫ್ಯಾಂಡ್ರಿ’ಯನ್ನು ಇಟ್ಟುಕೊಂಡು ಇದನ್ನು ಸ್ವಲ್ಪ ಬಿಡಿಸಿ ನೋಡೋಣ ಅಂತ ಈ ಬರಹ.

ಚಿತ್ರ ತಯಾರಾದದ್ದು 2013ರಲ್ಲಿ, ಚಿತ್ರಮಂದಿರಕ್ಕೆ ಬಂದದ್ದು 2014ರ ಫೆಬ್ರವರಿ 14ರಂದು. ಪ್ರೇಮಿಗಳ ದಿನ! ಶಾಲಾಹುಡುಗನ ಪ್ರೇಮಕತೆ ನೋಡೋಣ ಅಂತಲೇ ಜನ ಒಳಗೆ ಹೋಗಬೇಕು, ಆಮೇಲಿನದ್ದು ಆಮೇಲೆ. ಮಂಜುಳೆ ಸೋಲಾಪುರ ಜಿಲ್ಲೆಯ ಕರಮಾಳಾ ಸೀಮೆಯವರು, ವಡ್ಡರ ಸಮುದಾಯದಿಂದ ಬಂದವರು, ಮೂಲತಃ ಕವಿ. ಮೊದಲ ಚಿತ್ರ ಮಾಡಿದ ನಿರ್ದೇಶಕರಿಗೆ ಕೊಡುವ ರಾಷ್ಟ್ರಪ್ರಶಸ್ತಿ ಇದಕ್ಕೆ ಬಂತು. ನಾಯಕನ ಪಾತ್ರ ಮಾಡಿದ ಸೋಮನಾಥ ಅವಘಡೆಗೆ ಬಾಲನಟ ಪ್ರಶಸ್ತಿ ಬಂತು. ಅವನು ನಟನೆಯ ಶಾಲೆಯಿಂದ ಬಂದವನಲ್ಲ, ಹಳ್ಳಿಯಲ್ಲಿ ಹಲಗೆ ಬಾರಿಸುತ್ತಿದ್ದ ಹುಡುಗ.

ಕತೆ ಇಷ್ಟು. ಜಾಂಬುವಂತ ಅಲಿಯಾಸ್ ಜಬ್ಯಾ ಕೈಕಾಡಿ ಜಾತಿಯ ಹುಡುಗ. ಊರಾಚೆ ಮನೆ. ಅಪ್ಪ ಕಚ್ರೂ ಊರವರು ಹೇಳಿದ ಚಾಕರಿ ಮಾಡಿಕೊಂಡು, ಊರವರು ಹೇಳಿದಾಗ ಹಂದಿ ಹಿಡಿದು ಬದುಕುವವನು. (ಕಚ್ರೂ ಅಂದರೆ ಕಸ. ನಮ್ಮಲ್ಲಿ ಉಳಿಯಲಿ ಅಂತ ಮಗುವಿಗೆ ತಿಪ್ಪಣ್ಣ ಅಂತ ಹೆಸರಿಡುವುದಿಲ್ಲವೇ, ಅಂಥದ್ದೇ ಹೆಸರು. ಆದರೆ ಊರಿನ ಬಾಯಲ್ಲಿ ಅದು ಹರಕೆಯ ಹೆಸರಾಗಿ ಉಳಿಯುವುದಿಲ್ಲ.) ಜಬ್ಯಾ ತನ್ನ ತರಗತಿಯ ಮೇಲ್ಜಾತಿ ಹುಡುಗಿ ಶಾಲೂಳ ಮೇಲೆ ಮನಸ್ಸಿಟ್ಟಿದ್ದಾನೆ. ಒಂದು ಮಾತನ್ನೂ ಆಡಿಲ್ಲ. ಬಾಲ ಉದ್ದದ ಕರಿಗುಬ್ಬಿಯನ್ನು ಹಿಡಿದು ಸುಟ್ಟು, ಅದರ ಬೂದಿಯನ್ನು ಅವಳ ಮೇಲೆ ಚೆಲ್ಲಿದರೆ ಅವಳು ಒಲಿಯುತ್ತಾಳೆ ಅಂತ ಅವನ ನಂಬಿಕೆ. ಗೆಳೆಯ ಪಿರ್‍ಯಾನ ಜೊತೆ ಕ್ಯಾಟರಬಿಲ್ಲು ಹಿಡಿದು ಕುರುಚಲು ಕಾಡೆಲ್ಲ ಅಲೆಯುತ್ತಾನೆ. ಒಂದು ಜೀನ್ಸ್ ಪ್ಯಾಂಟ್ ಬೇಕು ಅಂತ ಆಸೆ. ಅದಕ್ಕಾಗಿ ಸೈಕಲ್ ಮೇಲೆ ಐಸ್‌ಕ್ಯಾಂಡಿ ಮಾರುತ್ತಾನೆ. ಪ್ರೇಮಪತ್ರ ಬರೆಯುತ್ತಾನೆ, ಕೊಡುವುದಿಲ್ಲ. ಮನೆಯಲ್ಲಿ ಅಕ್ಕನ ಮದುವೆಗೆ ಹಣ ಬೇಕು. ಕೊನೆಗೆ ಹಂದಿ ಹಿಡಿಯಲು ಇಡೀ ಕುಟುಂಬ ಊರ ನಡುವೆ ಇಳಿಯಬೇಕಾಗುತ್ತದೆ, ಅದೂ ಶಾಲೆಯ ಪಕ್ಕದಲ್ಲೇ.

ಶೀರ್ಷಿಕೆಯ ಪದದ ಬಗ್ಗೆ ಕನ್ನಡದವರು ಒಂದು ಗಳಿಗೆ ನಿಲ್ಲಬೇಕು. ‘ಫ್ಯಾಂಡ್ರಿ’ ಅಂದರೆ ಕೈಕಾಡಿ ಭಾಷೆಯಲ್ಲಿ ಹಂದಿ. ಕೈಕಾಡಿ ದ್ರಾವಿಡ ಭಾಷೆ, ತಮಿಳಿಗೆ ಹತ್ತಿರದ್ದು. ತಮಿಳಿನ ಪನ್ರಿ, ಹಳಗನ್ನಡದ ಪಂದಿ, ನಮ್ಮ ಇವತ್ತಿನ ಹಂದಿ, ಇವೆಲ್ಲ ಒಂದೇ ತಾಯಿಯ ಮಕ್ಕಳು. ಮರಾಠಿ ಪ್ರೇಕ್ಷಕನಿಗೆ ಅದು ಅರ್ಥವಾಗದ, ವಿಚಿತ್ರವಾಗಿ ಕೇಳುವ ಸದ್ದು. ನಮಗೆ ಅದು ಪಕ್ಕದ ಮನೆಯ ಮಾತು. ಕೈಕಾಡಿಗಳು ನಮ್ಮ ಕೊರಮ, ಕೊರಚರ ಬಳಗದವರು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಹುಟ್ಟಿನಿಂದಲೇ ಅಪರಾಧಿಗಳು ಅಂತ ಹಣೆಪಟ್ಟಿ ಹಚ್ಚಿದ ಜನ. ಆ ಕಾಯಿದೆ ರದ್ದಾದದ್ದು 1952ರಲ್ಲಿ. ಮಹಾರಾಷ್ಟ್ರದಲ್ಲಿ ಅವರು ವಿದರ್ಭದಲ್ಲಿದ್ದರೆ ಪರಿಶಿಷ್ಟ ಜಾತಿ, ಉಳಿದ ಕಡೆ ವಿಮುಕ್ತ ಜಾತಿ. ನಮ್ಮಲ್ಲಿ ಕೊರಮ, ಕೊರಚ ಪರಿಶಿಷ್ಟ ಜಾತಿಯಲ್ಲಿದ್ದಾರೆ. ಹಾಗಾಗಿ ‘ದಲಿತ’ ಅನ್ನುವ ಪದ ಇಲ್ಲಿ ಸರ್ಕಾರಿ ಪಟ್ಟಿಗಿಂತ ಅಗಲವಾದದ್ದು. ಮನೆಯೊಳಗೆ ಆಡುವ ಭಾಷೆಯ ಒಂದು ಸಾಮಾನ್ಯ ನಾಮಪದವನ್ನು ಊರಿನ ಪಡ್ಡೆಗಳು ಕಸಿದುಕೊಂಡು ಹುಡುಗನಿಗೆ ಬೈಗುಳವಾಗಿ ವಾಪಸು ಎಸೆಯುತ್ತಾರೆ. ಈ ಚಿತ್ರದಲ್ಲಿ ನಗೆ ನಡೆಯುವ ದಾರಿಯೂ ಅದೇ: ಒಳಗಿನದ್ದನ್ನು ಹೊರಗಿನವರು ಕಸಿದುಕೊಳ್ಳುತ್ತಾರೆ.

ಮೊದಲ ಭಾಗದ ನಗೆ ಎಂಥದ್ದು ನೋಡಿ. ಕರಿಗುಬ್ಬಿಗಾಗಿ ಇಬ್ಬರು ಹುಡುಗರ ಬೇಟೆ, ಗುರಿ ತಪ್ಪಿದಾಗ ಒಬ್ಬರನ್ನೊಬ್ಬರು ಹಳಿಯುವುದು, ಪಿರ್‍ಯಾನ ಗಂಭೀರ ಮುಖ, ಶಾಲೂ ಎದುರಿಗೆ ಬಂದರೆ ಜಬ್ಯಾನ ಕಾಲು ತಡವರಿಸುವುದು, ಮಂಜುಳೆಯವರೇ ಮಾಡಿರುವ ಸೈಕಲ್ ಅಂಗಡಿಯ ಚಂಕ್ಯಾನ ಕುಡುಕ ತತ್ವಜ್ಞಾನ. ಇಲ್ಲಿ ನಗೆಯ ಯಜಮಾನ ಜಬ್ಯಾನೇ. ಅವನ ಆಸೆ ಅವನ ಅಳತೆಗಿಂತ ದೊಡ್ಡದಾಗಿದೆ, ಅದಕ್ಕೆ ನಮಗೆ ನಗು ಬರುತ್ತದೆ. ಹದಿಹರೆಯದ ಯಾವ ಹುಡುಗನ ಆಸೆ ಅವನ ಅಳತೆಯಲ್ಲಿರುತ್ತದೆ? ಹಾಗಾಗಿ ಈ ನಗೆಯಲ್ಲಿ ಅವಮಾನವಿಲ್ಲ, ನಂಟಸ್ತಿಕೆ ಇದೆ.

ಇದನ್ನು ಚಿಕ್ಕ ವಿಷಯ ಅಂದುಕೊಳ್ಳಬಾರದು. ನಮ್ಮ ಕಲಾತ್ಮಕ ಸಿನಿಮಾ ದಲಿತನಿಗೆ ಏನು ಕೊಟ್ಟಿತು? ‘ಚೋಮನ ದುಡಿ’ಯನ್ನು ನೆನಪಿಸಿಕೊಳ್ಳಿ. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, 1975ರ ಸ್ವರ್ಣಕಮಲ, ವಾಸುದೇವರಾಯರ ಮರೆಯಲಾಗದ ಮುಖ. ಚೋಮನಿಗೆ ಅಲ್ಲಿ ದುಃಖವಿದೆ, ಸಿಟ್ಟಿದೆ, ದುಡಿಯಿದೆ. ತಾನೇ ಹುಟ್ಟಿಸಿದ, ತನ್ನ ಬಗ್ಗೆಯೇ ನಕ್ಕ ನಗೆ ಎಷ್ಟಿದೆ? ಮೇಲಿನಿಂದ ನೋಡುವ ಸಹಾನುಭೂತಿಗೆ ದಲಿತನ ಕಣ್ಣೀರು ಬೇಕು. ಅವನ ಚೇಷ್ಟೆ ಅದಕ್ಕೆ ತೊಡಕು. ಚೇಷ್ಟೆ ಮಾಡುವವನು ಸಮಾನನಾಗಿಬಿಡುತ್ತಾನೆ ನೋಡಿ! ಇನ್ನು ಜನಪ್ರಿಯ ಸಿನಿಮಾದ ಕತೆ ಬೇರೆ. ಅಲ್ಲಿ ಕಪ್ಪು ಮೈ, ಹಳ್ಳಿಯ ಉಚ್ಚಾರ, ಹರಿದ ಅಂಗಿ ಇವೇ ಹಾಸ್ಯದ ಸರಕು. ಒಂದು ಕಡೆ ನಗಲಾರದ ದಲಿತ, ಇನ್ನೊಂದು ಕಡೆ ನಗೆಪಾಟಲಿನ ಬಡವ. ನಗುವ ದಲಿತನಿಗೆ ಎರಡೂ ಕಡೆ ಜಾಗವಿರಲಿಲ್ಲ. ಸಾಹಿತ್ಯ ಈ ಜಾಗವನ್ನು ಮೊದಲೇ ಮಾಡಿಕೊಂಡಿತ್ತು. ದೇವನೂರರ ‘ಒಡಲಾಳ’ದಲ್ಲಿ ಕದ್ದು ತಂದ ಕಡಲೆಕಾಯಿಯನ್ನು ಇಡೀ ಮನೆ ರಾತ್ರಿ ಕೂತು ತಿನ್ನುವ ಸಂಭ್ರಮವಿದೆಯಲ್ಲ, ಬೆಳಗ್ಗೆ ಅದರ ಮೇಲೆ ಪೊಲೀಸರ ಬೂಟು ಬೀಳುತ್ತದೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ನೇಗಿಲಿಗೆ ಎತ್ತಿನ ಬದಲು ಕಟ್ಟಿದ ಇಬ್ಬರಲ್ಲಿ ಒಬ್ಬರು ಬರೆಯುತ್ತಿರುವವನ ತಂದೆ, ಅದೇ ಪುಸ್ತಕ ಓದುವಾಗ ನಾವು ಹೊಟ್ಟೆ ಹಿಡಿದು ನಕ್ಕಿದ್ದೂ ಉಂಟು. ಬಡವರ ನಗುವಿಗೆ ಶಕ್ತಿಯಿದೆ ಅಂತ ಡಿ.ಆರ್. ನಾಗರಾಜ್ ಆ ಪುಸ್ತಕದ ನೆವದಲ್ಲಿ ಹೇಳಿದ್ದು ಸುಮ್ಮನೆ ಅಲ್ಲ.

ನಮ್ಮ ಕಾವ್ಯಶಾಸ್ತ್ರ ಈ ವಿಷಯದಲ್ಲಿ ಏನು ಹೇಳುತ್ತದೆ? ವಿದ್ಯಾರ್ಥಿಗಳು ಪರೀಕ್ಷೆಗೆ ರಸಸೂತ್ರ ಉರು ಹೊಡೆಯುತ್ತಾರೆ, ಮುಂದಿನ ಪುಟಗಳನ್ನು ಯಾರೂ ಓದಿಸುವುದಿಲ್ಲ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ನಗುವನ್ನು ಆರು ಬಗೆಯಾಗಿ ವಿಂಗಡಿಸಿದೆ. ಸ್ಮಿತ, ಹಸಿತ ಉತ್ತಮರದ್ದು. ವಿಹಸಿತ, ಉಪಹಸಿತ ಮಧ್ಯಮರದ್ದು. ಅಪಹಸಿತ, ಅತಿಹಸಿತ ಅಧಮರದ್ದು. ಹಲ್ಲು ಕಾಣದ ಮುಗುಳ್ನಗೆ ಮೇಲಿನವರಿಗೆ, ಕಣ್ಣಲ್ಲಿ ನೀರು ಬಂದು ಪಕ್ಕೆ ಹಿಡಿದುಕೊಳ್ಳುವ ನಗೆ ಕೆಳಗಿನವರಿಗೆ. ಹಾಸ್ಯರಸ ಹೆಚ್ಚಾಗಿ ಕಾಣುವುದು ಹೆಂಗಸರಲ್ಲಿ ಮತ್ತು ನೀಚ ಪ್ರಕೃತಿಯವರಲ್ಲಿ ಅಂತಲೂ ಅಲ್ಲೇ ಹೇಳಿದೆ. ಅಂದರೆ ನಗುವಿಗೂ ಶ್ರೇಣಿಯಿದೆ! ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆ, ರೌದ್ರದಿಂದ ಕರುಣ ಹುಟ್ಟುತ್ತದೆ ಅಂತಲೂ ಅದೇ ಗ್ರಂಥ ಹೇಳುತ್ತದೆ. ಮೊದಲ ಮಾತು ಜಬ್ಯಾನಿಗೆ ಸರಿಯಾಗಿಯೇ ಹೊಂದುತ್ತದೆ: ಅವನ ಒಲವಿನಿಂದಲೇ ನಮ್ಮ ನಗೆ. ಎರಡನೆಯದನ್ನು ಮಂಜುಳೆ ಅಡಿಮೇಲು ಮಾಡುತ್ತಾರೆ. ಇಲ್ಲಿ ಸಂಕಟ ಹುಟ್ಟುವುದು ಊರಿನ ರೌದ್ರದಿಂದಲ್ಲ, ಊರಿನ ಹಾಸ್ಯದಿಂದ. ಯಾರೂ ಕತ್ತಿ ಹಿರಿಯುವುದಿಲ್ಲ, ಮನೆಗೆ ಬೆಂಕಿ ಇಡುವುದಿಲ್ಲ. ಬರೀ ನಗುತ್ತಾರೆ. ಅಷ್ಟಕ್ಕೇ ಒಬ್ಬ ಹುಡುಗ ಒಳಗೆ ಕುಸಿದುಬೀಳುತ್ತಾನೆ.

ಧಾಟಿ ಬದಲಾಯಿಸುವ ಕೆಲಸ ಒಮ್ಮೆಗೇ ಆಗುವುದಿಲ್ಲ. ಸಣ್ಣ ಸಣ್ಣ ಸೂಚನೆ ಕೊಟ್ಟೇ ಮಂಜುಳೆ ಮುಂದೆ ಹೋಗುವುದು. ಐಸ್‌ಕ್ಯಾಂಡಿಯ ಸೈಕಲ್ ಲಾರಿಯ ಚಕ್ರಕ್ಕೆ ಸಿಕ್ಕಿ ನುಜ್ಜುಗುಜ್ಜಾಗುತ್ತದೆ. ಇನ್ನೊಂದು ಬಗೆಯ ಚಿತ್ರದಲ್ಲಿ ಇದು ನಗೆಯ ದೃಶ್ಯವೇ ಆಗುತ್ತಿತ್ತು, ಇಲ್ಲಿ ನಗು ಅರ್ಧಕ್ಕೆ ನಿಲ್ಲುತ್ತದೆ, ಏಕೆಂದರೆ ಜೀನ್ಸ್ ಪ್ಯಾಂಟಿನ ಲೆಕ್ಕ ನಮಗೂ ಗೊತ್ತಿದೆ. ಆಮೇಲೆ ಜಾತ್ರೆ. ಜಬ್ಯಾ ಚೆಂದಾಗಿ ಸಿಂಗರಿಸಿಕೊಂಡು ಎಲ್ಲರ ಜೊತೆ ಕುಣಿಯಬೇಕು, ಶಾಲೂ ನೋಡಬೇಕು ಅಂತ ಬಂದಿದ್ದಾನೆ. ಅಪ್ಪ ಅವನನ್ನು ಮೆರವಣಿಗೆಗೆ ದೀಪ ಹೊರಲು ನಿಲ್ಲಿಸುತ್ತಾನೆ. ಉಳಿದವರು ಕುಣಿಯುತ್ತಾರೆ, ಇವನು ತಲೆಯ ಮೇಲೆ ಬೆಳಕು ಹೊತ್ತು ನಿಂತಿದ್ದಾನೆ. ಆ ಬೆಳಕಿನಲ್ಲಿ ಊರೆಲ್ಲ ಕಾಣುತ್ತದೆ, ಎಲ್ಲರಿಗಿಂತ ಸ್ಪಷ್ಟವಾಗಿ ಇವನೇ ಕಾಣುತ್ತಾನೆ. ಕಾಣಿಸಿಕೊಳ್ಳಬೇಕು ಅಂತ ಆಸೆಪಟ್ಟವನಿಗೆ ಊರು ಕೊಟ್ಟ ಉತ್ತರ ಇದು. ಇಡೀ ಚಿತ್ರದಲ್ಲಿ ನನಗೆ ಹೆಚ್ಚು ಕಾಡಿದ ದೃಶ್ಯವೂ ಇದೇ, ಕೊನೆಯದ್ದಕ್ಕಿಂತ.

ಕೊನೆಯ ಹಂದಿಬೇಟೆಗೆ ಚಿತ್ರ ಧಾರಾಳವಾಗಿ ಕಾಲ ಕೊಡುತ್ತದೆ. ಅಪ್ಪ, ಅಮ್ಮ, ಅಕ್ಕಂದಿರು, ಜಬ್ಯಾ ಹಗ್ಗ ಹಿಡಿದು ಹಂದಿಯ ಹಿಂದೆ ಓಡುತ್ತಾರೆ. ಹಂದಿ ತಪ್ಪಿಸಿಕೊಳ್ಳುತ್ತದೆ, ಇವರು ಬೀಳುತ್ತಾರೆ, ಏಳುತ್ತಾರೆ. ಸಹಪಾಠಿಗಳ ಕಣ್ಣಿಗೆ ಬೀಳದಂತೆ ಜಬ್ಯಾ ಗೋಡೆಯ ಮರೆಗೆ ಅವಿತುಕೊಳ್ಳುತ್ತಾನೆ, ಅಪ್ಪ ಕೂಗುತ್ತಾನೆ. ಓಟ, ಜಾರುವುದು, ಬೀಳುವುದು, ಪ್ರಾಣಿ ಮನುಷ್ಯನಿಗಿಂತ ಚುರುಕಾಗಿರುವುದು. ಮೂಕಿಚಿತ್ರಗಳ ಕಾಲದಿಂದ ಜನರನ್ನು ನಗಿಸಿದ ಸಾಮಗ್ರಿಯೇ ಇದೆಲ್ಲ. ಮಂಜುಳೆ ಆ ಸಾಮಗ್ರಿಯಲ್ಲಿ ಒಂದನ್ನೂ ಬಿಟ್ಟಿಲ್ಲ. ಆದರೆ ಚಿತ್ರದೊಳಗೇ ಪ್ರೇಕ್ಷಕರನ್ನು ಕೂರಿಸಿಬಿಟ್ಟಿದ್ದಾರೆ. ಊರಿನ ಪಡ್ಡೆಗಳು, ಶಾಲೆಯ ಮಕ್ಕಳು ಕ್ರಿಕೆಟ್ ಮ್ಯಾಚ್ ನೋಡುವ ಹಾಗೆ ನೋಡುತ್ತಾರೆ, ಕೇಕೆ ಹಾಕುತ್ತಾರೆ, ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಾರೆ. ನಾವು ನಗಬೇಕಾದ ಜಾಗದಲ್ಲಿ ನಮಗಿಂತ ಮೊದಲೇ ಅವರು ನಗುತ್ತಿದ್ದಾರೆ. ಈಗ ನಾವೂ ನಕ್ಕರೆ ಅವರ ಸಾಲಿನಲ್ಲಿ ಹೋಗಿ ಕೂತ ಹಾಗೆ. ಧಾಟಿ ಬದಲಾಗುವ ಯಂತ್ರ ಇರುವುದು ಇಲ್ಲಿ. ಘಟನೆ ನಗೆಯದ್ದಾಗಿಯೇ ಉಳಿದಿದೆ, ನಗೆ ಮಾತ್ರ ಜಬ್ಯಾನ ಕೈಯಿಂದ ಊರಿನ ಕೈಗೆ ಹೋಗಿದೆ. ಅವರ ನಡುವೆ ಶಾಲೂ ಕೂಡ ನಗುತ್ತಾಳೆ. ಕ್ಯಾಮೆರಾ ಅದನ್ನು ತೋರಿಸುತ್ತದೆ, ಅವಳನ್ನು ಖಳನಾಯಕಿ ಮಾಡುವುದಿಲ್ಲ. ಎಲ್ಲರೂ ನಗುತ್ತಿದ್ದಾರೆ, ಅವಳೂ ನಗುತ್ತಿದ್ದಾಳೆ, ಅಷ್ಟೇ. ಜಾತಿ ಕೆಲಸ ಮಾಡುವುದಕ್ಕೆ ಕೆಟ್ಟ ಮನಸ್ಸು ಬೇಕೇಬೇಕು ಅಂತೇನಿಲ್ಲವಲ್ಲ.

ಡಿಗ್ರಿ ವಿದ್ಯಾರ್ಥಿಗಳಿಗೆ ಒಮ್ಮೆ ಈ ಚಿತ್ರ ತೋರಿಸಿದೆ. ಮೊದಲರ್ಧ ಹಾಲ್ ತುಂಬ ನಗು. ಹಂದಿಯ ಹಿಂದೆ ಓಟ ಶುರುವಾದಾಗಲೂ ಹಿಂದಿನ ಬೆಂಚುಗಳಲ್ಲಿ ನಗು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಒಂದೊಂದೇ ನಗು ಆರಿತು, ಎಲ್ಲರದೂ ಒಟ್ಟಿಗೆ ಆರಲಿಲ್ಲ. ಯಾರದು ಮೊದಲು ನಿಂತಿತು, ಯಾರದು ತಡವಾಗಿ ನಿಂತಿತು ಅಂತ ಕತ್ತಲಲ್ಲೂ ಗೊತ್ತಾಗುತ್ತಿತ್ತು. ಒಬ್ಬ ಹುಡುಗ ಎದ್ದು ಹೊರಗೆ ಹೋದ. ಯಾಕಪ್ಪ ಅಂತ ನಾನು ಕೇಳಲಿಲ್ಲ. ಚರ್ಚೆಯಲ್ಲಿ ಒಬ್ಬಳು ಹುಡುಗಿ ‘ಸಾರ್, ನಾವು ಮೊದಲು ನಕ್ಕಿದ್ದು ತಪ್ಪಾ?’ ಅಂದಳು. ತಪ್ಪಲ್ಲ ಅಂದೆ. ಮೊದಲು ನಗದೇ ಹೋಗಿದ್ದರೆ ಜಬ್ಯಾ ನಮಗೆ ಯಾರೋ ಆಗಿ ಉಳಿಯುತ್ತಿದ್ದ, ಹಂದಿ ಹಿಡಿಯುವವರ ಬಗ್ಗೆ ಒಂದು ಸಾಕ್ಷ್ಯಚಿತ್ರ ನೋಡಿದ ಹಾಗೆ ಆಗುತ್ತಿತ್ತು.

ಬೇಟೆಯ ನಡುವೆ ಒಂದು ದೃಶ್ಯ ಬರುತ್ತದೆ. ಹಂದಿ ಇನ್ನೇನು ಕೈಗೆ ಸಿಗಬೇಕು, ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಜಬ್ಯಾ ನೆಟ್ಟಗೆ ನಿಲ್ಲುತ್ತಾನೆ. ಅವನನ್ನು ನೋಡಿ ಮನೆಯವರೂ ನಿಲ್ಲುತ್ತಾರೆ. ಹಂದಿಗೆ ರಾಷ್ಟ್ರವಿಲ್ಲ, ಅದು ಆರಾಮಾಗಿ ನಡೆದು ಹೋಗುತ್ತದೆ. ನಗೆ ಮತ್ತು ಸಂಕಟ ಬೇರೆ ಮಾಡಲಾಗದಂತೆ ಹೆಣೆದುಕೊಂಡ ಗಳಿಗೆ ಇದು. ತನ್ನನ್ನು ಮನುಷ್ಯ ಅಂತ ಲೆಕ್ಕಕ್ಕೇ ತೆಗೆದುಕೊಳ್ಳದ ವ್ಯವಸ್ಥೆಯ ಹಾಡಿಗೆ ಆ ಕುಟುಂಬ ಕೊಡುವ ಗೌರವ ನೋಡಿ! ಅದು ವ್ಯಂಗ್ಯವೂ ಹೌದು, ಸಂವಿಧಾನದ ಮೇಲಿನ ನಂಬಿಕೆಯೂ ಹೌದು. ಶಾಲೆ ಕಲಿಸಿದ್ದನ್ನು ನಿಜ ಅಂತ ನಂಬಿದವನು ಜಬ್ಯಾ ಒಬ್ಬನೇ. ಚಿತ್ರ ಬಂದು ಎರಡು ವರ್ಷದ ಮೇಲೆ, 2016ರ ನವೆಂಬರಿನಲ್ಲಿ, ಚಿತ್ರಮಂದಿರಗಳಲ್ಲಿ ರಾಷ್ಟ್ರಗೀತೆ ಹಾಕಿ ಎಲ್ಲರೂ ನಿಲ್ಲಬೇಕು ಅಂತ ಸುಪ್ರೀಂ ಕೋರ್ಟಿನ ಆದೇಶ ಬಂತು. ಕತೆಯ ಭಾಗವಾಗಿ ಬಂದರೆ ನಿಲ್ಲಬೇಕಿಲ್ಲ ಅಂತ 2017ರ ಫೆಬ್ರವರಿಯಲ್ಲಿ ಸ್ಪಷ್ಟನೆ ಬಂತು, 2018ರ ಜನವರಿಯಲ್ಲಿ ಗೀತೆ ಹಾಕುವುದೇ ಕಡ್ಡಾಯವಲ್ಲ ಅಂತಾಯಿತು. ಆ ಗಲಾಟೆಯ ದಿನಗಳಲ್ಲಿ ನನಗೆ ಹಗ್ಗ ಹಿಡಿದು ನಿಂತ ಈ ಕುಟುಂಬವೇ ನೆನಪಾಗುತ್ತಿತ್ತು.

ಹಂದಿ ಕೊನೆಗೂ ಸಿಗುತ್ತದೆ. ಕಂಬಕ್ಕೆ ಕಟ್ಟಿ ಹೆಗಲ ಮೇಲೆ ಹೊತ್ತು ಶಾಲೆಯ ಗೋಡೆಯ ಮುಂದೆ ನಡೆಯುತ್ತಾರೆ. ಗೋಡೆಯ ಮೇಲೆ ಅಂಬೇಡ್ಕರ್, ಫುಲೆ ದಂಪತಿ, ಗಾಡಗೆ ಮಹಾರಾಜರ ಚಿತ್ರಗಳು. ಚಿತ್ರ ಅಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಕೆಲವರಿಗೆ ಇದು ತೀರಾ ನೇರವಾಯಿತು ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ, ಏಕೆಂದರೆ ನಮ್ಮ ಶಾಲೆಗಳ ಗೋಡೆಗಳು ಇರುವುದೇ ಹಾಗೆ. ಬಣ್ಣ ಬಳಿದವರು ಸರ್ಕಾರದವರು, ಆ ಗೋಡೆಯ ಕೆಳಗೆ ನಡೆಯುವುದು ಊರಿನವರ ಕಾನೂನು.

ಕೊನೆಯಲ್ಲಿ ಜಬ್ಯಾ ಕಲ್ಲು ತೂರುತ್ತಾನೆ. ಅದು ಛೇಡಿಸಿದವನ ಕಡೆಗೆ ತೂರಿದ್ದು, ಆದರೆ ಕ್ಯಾಮೆರಾದ ಮುಖಕ್ಕೇ ಬರುತ್ತದೆ, ಪರದೆ ಕಪ್ಪಾಗುತ್ತದೆ. ಇದರ ಬಗ್ಗೆ ಬಹಳ ಜನ ಬರೆದಿದ್ದಾರೆ, ಕಲ್ಲು ನಮಗೆ ಬಿತ್ತು ಅಂತ. ಹೌದು, ಬಿತ್ತು. ಆದರೆ ‘ನಮಗೆ’ ಅಂದರೆ ಯಾರಿಗೆ? ಹಾಲ್‌ನಿಂದ ಎದ್ದು ಹೋದ ಆ ಹುಡುಗನಿಗೂ ಬಿತ್ತೇ? ಕಲ್ಲು ಎಲ್ಲ ಪ್ರೇಕ್ಷಕರಿಗೂ ಸಮವಾಗಿ ಬಿತ್ತು ಅನ್ನುವ ವಿಮರ್ಶೆ ಮತ್ತೆ ಜಾತಿಯನ್ನು ಮರೆಸುವ ವಿಮರ್ಶೆಯೇ. ಕೆಲವರಿಗೆ ಅದು ಬಂದು ಬಿದ್ದ ಕಲ್ಲು, ಕೆಲವರಿಗೆ ತಮ್ಮ ಕೈಯಿಂದ ಹೋದ ಕಲ್ಲು. ಇನ್ನೊಂದು ಸಂಗತಿ: ಚಿತ್ರದ ಶುರುವಿನಲ್ಲಿ ಇದೇ ಹುಡುಗ ಗುಬ್ಬಿಗೆ ಗುರಿಯಿಟ್ಟವನು. ಆಗ ಕಲ್ಲು ಒಲವಿಗಾಗಿ ಎದ್ದಿತ್ತು, ನಮಗೆ ನಗು ಬಂದಿತ್ತು.

ಮಂಜುಳೆ 2016ರ ‘ಸೈರಾಟ್’ನಲ್ಲಿ ಇದೇ ವಿದ್ಯೆಯನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಆಡಿದರು. ಅಜಯ್-ಅತುಲ್ ಸಂಗೀತ, ಕುಣಿಸುವ ಹಾಡುಗಳು, ಗೆಳೆಯರ ತಮಾಷೆ, ಆಮೇಲೆ ಸದ್ದೇ ಇಲ್ಲದ ಕೊನೆ. ರಕ್ತದಲ್ಲಿ ಹೆಜ್ಜೆಯಿಟ್ಟು ನಡೆದುಹೋಗುವ ಕೂಸು. ಮರಾಠಿಯಲ್ಲಿ ಅಲ್ಲಿಯವರೆಗೆ ಯಾವ ಚಿತ್ರವೂ ಗಳಿಸದಷ್ಟು ಅದು ಗಳಿಸಿತು. 2017ರಲ್ಲಿ ಎಸ್. ನಾರಾಯಣ್ ನಿರ್ದೇಶನದಲ್ಲಿ ‘ಮನಸು ಮಲ್ಲಿಗೆ’ಯಾಗಿ ಕನ್ನಡಕ್ಕೂ ಬಂತು, ರಿಂಕು ರಾಜಗುರು ಇಲ್ಲಿಯೂ ನಾಯಕಿ. ‘ಸೈರಾಟ್’ನಲ್ಲಿ ಮೊದಲರ್ಧದ ಸಂಭ್ರಮ ಎಷ್ಟು ಬಲವಾಗಿದೆಯೆಂದರೆ ಹಾಡು ಬೇರೆ, ಕೊನೆ ಬೇರೆ ಅಂತ ಬಿಡಿಸಿಕೊಂಡು ಹೋಗಬಹುದು. ಕೊಲೆಗಡುಕರ ಮದುವೆಯಲ್ಲೂ ಆ ಹಾಡಿಗೆ ಕುಣಿಯಬಹುದು. ‘ಫ್ಯಾಂಡ್ರಿ’ಯಲ್ಲಿ ಹಾಗೆ ಬಿಡಿಸಿಕೊಳ್ಳಲಾಗದು. ಅಲ್ಲಿ ನಗೆಯೇ ಅಪರಾಧದ ಸಾಧನ. ಈ ಕಾರಣಕ್ಕೆ ಎರಡರಲ್ಲಿ ಸಣ್ಣ ಚಿತ್ರವೇ ದೊಡ್ಡದು ಅಂತ ನನ್ನ ಎಣಿಕೆ.

ಒಂದು ತಕರಾರೂ ಇದೆ. ಚಿತ್ರ ಜಬ್ಯಾನಿಗೆ, ಪಿರ್‍ಯಾನಿಗೆ, ಚಂಕ್ಯಾನಿಗೆ ನಗೆಯನ್ನು ಧಾರಾಳವಾಗಿ ಹಂಚಿದೆ. ಕಿಶೋರ್ ಕದಂ ಮಾಡಿರುವ ಕಚ್ರೂನ ಬಾಗಿದ ಬೆನ್ನಿನಲ್ಲೂ ಒಂದು ಕತೆಯಿದೆ. ಛಾಯಾ ಕದಂ ಮಾಡಿರುವ ಅಮ್ಮನಿಗೆ, ಅಕ್ಕಂದಿರಿಗೆ ಆ ಹಂಚಿಕೆಯಲ್ಲಿ ಸಿಕ್ಕಿದ್ದು ತೀರಾ ಕಡಿಮೆ. ಹಂದಿಯ ಹಿಂದೆ ಊರೆದುರು ಓಡಿದವರಲ್ಲಿ ಅವರೂ ಇದ್ದರು, ಪಡ್ಡೆಗಳ ಕಣ್ಣು ಅವರ ಮೇಲೆ ಬೇರೆ ಬಗೆಯಲ್ಲೂ ಬಿದ್ದಿತ್ತು. ಮದುವೆಯಾಗಬೇಕಾದ ಆ ಹುಡುಗಿಗೂ ಒಂದು ಕರಿಗುಬ್ಬಿ ಇದ್ದಿರಬೇಕಲ್ಲ? ಅವಳ ಗೆಳತಿ ಯಾರು, ಅವರಿಬ್ಬರೂ ಸೇರಿ ಊರಿನ ಯಾರನ್ನು ಅಣಕಿಸಿ ನಗುತ್ತಿದ್ದರು ಅಂತ ಕೇಳಿದರೆ ಚಿತ್ರದ ಹತ್ತಿರ ಉತ್ತರವಿಲ್ಲ. ಕೇರಿಯಲ್ಲಿ ಬೆಳೆದ ಯಾರಿಗೂ ಗೊತ್ತು, ಅಂಥ ನಗೆ ಅಲ್ಲಿ ದಂಡಿಯಾಗಿದೆ.